ಎಲೆ ಕಡಿಮೆಯಾದ ಪಂಕ್ತಿ

ಹಾಸನದ ಓದುಗರೊಬ್ಬರು ಕೇಳಿದ್ದಾರೆ: ಥರ್ಮೋಪಿಲೆಯ ಕಣಿವೆಯಲ್ಲಿ ಪರ್ಷಿಯನ್ನರಿಗೆ ಎದೆಗೊಟ್ಟ ಪ್ರಾಚೀನ ಗ್ರೀಸಿನ ಸ್ಪಾರ್ಟಾ ಮುಂದೆ ಹೇಳಹೆಸರಿಲ್ಲದಂತಾದದ್ದು ಹೇಗೆ? ಅಥೆನ್ಸನ್ನು ಗೆದ್ದ ಮೇಲೆ ಹರಿದುಬಂದ ಹೊನ್ನೇ ಅವರನ್ನು ಕೆಡಿಸಿತೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಿಜವೇ?

ಸಂಪಾದಕರ ಉತ್ತರ:

ನಿಮ್ಮ ಮೇಷ್ಟ್ರು ಸುಮ್ಮನೆ ಹೇಳಿದ್ದಲ್ಲ. ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕನೂ ಹಾಗೆಯೇ ಬರೆದಿದ್ದಾನೆ. ಆದರೆ ತಪ್ಪನ್ನೆಲ್ಲ ಹೊನ್ನಿನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ನನ್ನ ಅನುಮಾನ ಊಟದ ಪಂಕ್ತಿಯ ಮೇಲೆ.

ಸ್ಪಾರ್ಟಾದ ಪೂರ್ಣ ಪ್ರಜೆಯಾಗಲು ಅಲ್ಲಿನವರ ಹೊಟ್ಟೆಯಲ್ಲಿ ಹುಟ್ಟಿದರೆ ಸಾಲದು. ಹದಿನೈದು ಮಂದಿಯ ಊಟದ ಕೂಟವೊಂದಕ್ಕೆ ಸೇರಬೇಕಿತ್ತು. ಆಳೊಬ್ಬ ತಲೆಯ ಮೇಲೆ ಬೋಗುಣಿ ಹೊತ್ತು ಬರುತ್ತಿದ್ದ. ಒಬ್ಬೊಬ್ಬರೂ ರೊಟ್ಟಿಯ ಚೂರೊಂದನ್ನು ಮಾತಿಲ್ಲದೆ ಅದರೊಳಗೆ ಹಾಕುತ್ತಿದ್ದರು. ಸೇರಲು ಬಂದ ಹುಡುಗ ಬೇಡವೆನ್ನುವವನು ಚೂರನ್ನು ಬೆರಳಲ್ಲಿ ಹಿಸುಕಿ ಚಪ್ಪಟೆ ಮಾಡಿ ಹಾಕುತ್ತಿದ್ದ. ಅಂಥದ್ದು ಒಂದೇ ಒಂದು ಸಿಕ್ಕರೂ ಹುಡುಗನಿಗೆ ಅಲ್ಲಿ ಜಾಗವಿಲ್ಲ!

ಸೇರಿದ ಮೇಲೆ ತಿಂಗಳು ತಿಂಗಳೂ ಬಾರ್ಲಿ ಹಿಟ್ಟು, ದ್ರಾಕ್ಷಾರಸ, ಚೀಸ್, ಅಂಜೂರ ಮನೆಯಿಂದ ಹೋಗಬೇಕು. ಅದನ್ನು ಬೆಳೆಯುತ್ತಿದ್ದವರು ಹೆಲಟರು, ಅಂದರೆ ಜಮೀನಿಗೆ ಕಟ್ಟುಬಿದ್ದ ಜೀತದಾಳುಗಳು. ಅವರಲ್ಲಿ ಬಹುಪಾಲು ಸ್ಪಾರ್ಟಾ ಗೆದ್ದುಕೊಂಡಿದ್ದ ನೆರೆನಾಡು ಮೆಸ್ಸೀನಿಯಾದವರು. ಪಾಲು ಕೊಡಲಾಗದವನು ಎಷ್ಟೇ ಶೂರನಾಗಿರಲಿ, ಪ್ರಜೆಗಳ ಪಟ್ಟಿಯಿಂದ ಹೊರಗೆ. ಕ್ರೀಟಿನಲ್ಲಿ ಇಂಥ ಊಟಕ್ಕೆ ಸರ್ಕಾರವೇ ಖರ್ಚು ಕೊಡುತ್ತದೆ, ಇಲ್ಲಿ ಬಡವನೂ ಕೊಡಬೇಕು ಎಂದು ಅರಿಸ್ಟಾಟಲ್ ಆಕ್ಷೇಪಿಸಿದ್ದು ಸರಿಯಾಗಿಯೇ ಇದೆ.

ಇತ್ತ ಜಮೀನು ಕೆಲವೇ ಮನೆತನಗಳ ಕೈಗೆ ಸೇರುತ್ತಾ ಹೋಯಿತು. ಭೂಕಂಪ, ಯುದ್ಧಗಳೂ ಜನರನ್ನು ನುಂಗಿದವು, ನಿಜ. ಆದರೆ ಸತ್ತವರ ಜಾಗಕ್ಕೆ ಹೊಸಬರನ್ನು ಕೂರಿಸುವ ಬದಲು, ಇದ್ದವರ ಎಲೆಯನ್ನೇ ಎತ್ತುವ ಊರು ಎಷ್ಟು ದಿನ ಬಾಳೀತು? ಕ್ರಿ.ಪೂ. 480ರ ಹೊತ್ತಿಗೆ ಗ್ರೀಕ್ ಇತಿಹಾಸಕಾರ ಹೆರೊಡೋಟಸನ ಲೆಕ್ಕದಲ್ಲಿ ಎಂಟು ಸಾವಿರವಿದ್ದ ಪ್ರಜೆಗಳು, ಅರಿಸ್ಟಾಟಲ್ ಬರೆಯುವ ವೇಳೆಗೆ ಸಾವಿರವೂ ಇರಲಿಲ್ಲ.

ಕ್ರಿ.ಪೂ. 404ರಲ್ಲಿ ಅಥೆನ್ಸ್ ಶರಣಾಯಿತು. ಗ್ರೀಸಿಗೆಲ್ಲ ಸ್ಪಾರ್ಟಾವೇ ಯಜಮಾನ. ಆ ಯಜಮಾನಿಕೆ ನಡೆದದ್ದು ಬರೀ 33 ವರ್ಷ. 371ರಲ್ಲಿ ಲ್ಯೂಕ್ಟ್ರಾದ ಬಯಲಿನಲ್ಲಿ ಗ್ರೀಸಿನದೇ ಇನ್ನೊಂದು ನಗರ ಥೀಬ್ಸಿನ ಸೇನಾನಿ ಎಪಮಿನಾಂಡಸ್ ಎದುರಾದಾಗ ಕಣದಲ್ಲಿದ್ದ ಅಪ್ಪಟ ಸ್ಪಾರ್ಟನ್ನರು ಏಳುನೂರು, ಬಿದ್ದವರು ನಾನೂರು. ಸುದ್ದಿ ಬಂದಾಗ ಊರಿನಲ್ಲಿ ಹಬ್ಬ. ಅಧಿಕಾರಿಗಳು ಗಾಯನವನ್ನು ನಿಲ್ಲಿಸಲಿಲ್ಲ. ಸತ್ತವರ ಹೆಸರನ್ನು ಮನೆಮನೆಗೆ ತಿಳಿಸಿ, ಹೆಂಗಸರು ಗೋಳಾಡಕೂಡದು ಎಂದರು. ಮರುದಿನ ಮಗನನ್ನು ಕಳೆದುಕೊಂಡವರು ನಗುಮುಖದಿಂದ ಬೀದಿಯಲ್ಲಿ ಓಡಾಡಿದರಂತೆ. ಮಗ ಬದುಕಿದವರು ತಲೆತಗ್ಗಿಸಿ ಒಳಗೇ ಉಳಿದರು.

ರಣದಿಂದ ಓಡಿಬಂದವನಿಗೆ ಅಲ್ಲಿ ಮಾನವಿಲ್ಲ, ಹಕ್ಕಿಲ್ಲ. ಆದರೆ ಈ ಸಲ ಅಂಥವರೇ ಹೆಚ್ಚು. ಅವರನ್ನೂ ಹೊರಹಾಕಿದರೆ ಉಳಿಯುವವರು ಯಾರು? ರಾಜ ಅಜೆಸಿಲಾಸ್, ಇಂದೊಂದು ದಿನ ಕಾನೂನು ಮಲಗಿರಲಿ ಎಂದುಬಿಟ್ಟ. ಎರಡು ವರ್ಷದೊಳಗೆ ಎಪಮಿನಾಂಡಸ್ ಮೆಸ್ಸೀನಿಯಾವನ್ನು ಬಿಡುಗಡೆ ಮಾಡಿದ. ಅಲ್ಲಿಂದ ಬರುತ್ತಿದ್ದ ಹಿಟ್ಟೂ ಅಂಜೂರವೂ ನಿಂತುಹೋದವು.