ಗೊರೂರಿನ ಪಟ್ಟೆಕಲ್ಲಿಗೆ 330 ಕೋಟಿ ವರ್ಷ ಎಂದು ಎಣಿಸಿದ್ದು ಹೇಗೆ?

ನಮಸ್ಕಾರ. ನೀವು ಎರಡು ವಿಷಯ ಕೇಳಿದ್ದೀರಿ: ಗೊರೂರಿನ ಪಟ್ಟೆಕಲ್ಲಿನ, ಅಂದರೆ ನೈಸ್‌ನ, ವಯಸ್ಸನ್ನು ಕಾರ್ಬನ್ ಡೇಟಿಂಗ್‌ನಿಂದ ಕಂಡುಹಿಡಿದರಾ? ಕಲ್ಲು ಮತ್ತೆ ಕಾದರೆ ಲೆಕ್ಕ ಅಳಿಸಿಹೋಗುವುದಿಲ್ಲವಾ?

ಕಾರ್ಬನ್ ಇಲ್ಲಿ ಕೆಲಸಕ್ಕೆ ಬಾರದು. ಜೀವಿಗಳ ಮೈ ಸೇರುವ ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತದೆ. 50 ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಉಳಿಯದು. ಅದೂ ಅಲ್ಲದೆ ಕಲ್ಲು ಯಾವತ್ತೂ ಉಸಿರಾಡಿದ್ದಲ್ಲ, ಅಲ್ವಾ?

ಇಲ್ಲಿ ನೋಡುವುದು ಜಿರ್ಕಾನ್ ಎಂಬ ಹರಳನ್ನು. ಮರಳಿನ ಕಾಳಿಗಿಂತ ಸಣ್ಣದು. ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಗ ಒಳಗೆ ಸಿಗುವ ಸೀಸ ಹೆಚ್ಚುಕಮ್ಮಿ ಎಲ್ಲವೂ ಯುರೇನಿಯಂ ತಾನಾಗಿ ಕ್ಷಯಿಸಿ ಆದದ್ದು. ಯುರೇನಿಯಂನಲ್ಲಿ ಎರಡು ಬಗೆ: ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ! ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು. ತೋರಿಸದಿದ್ದರೆ ನಡುವೆ ಸೀಸ ಸೋರಿದೆ ಅಂತ ಅನುಮಾನ. 330 ಕೋಟಿ ವರ್ಷದಲ್ಲಿ 235ರ ನೂರು ಪಾಲಿನಲ್ಲಿ ಬರೀ ನಾಲ್ಕು ಉಳಿದಿರುತ್ತದೆ.

ಇನ್ನು ಕಲ್ಲು ಮತ್ತೆ ಬಿಸಿಯಾಗುವ ವಿಷಯ. ಪ್ರಶ್ನೆ ಚೆನ್ನಾಗಿದೆ. ಮೈಕಾದಂಥ ಖನಿಜದ ಗಡಿಯಾರ ಕಾವಿಗೆ ಸುಲಭವಾಗಿ ಸೊನ್ನೆಗೆ ಬರುತ್ತದೆ. ಜಿರ್ಕಾನ್ ಗಟ್ಟಿ ಆಸಾಮಿ. ಕಾದಾಗ ಅದರ ಮೇಲೆ ಆಲಿಕಲ್ಲಿನ ಹಾಗೆ ಹೊಸ ಪದರ ಕೂರಬಹುದು, ನಡುಭಾಗ ಹಳೆಯದೇ. ನಡುವನ್ನೂ ಅಂಚನ್ನೂ ಬೇರೆಬೇರೆ ಅಳೆದರೆ ಹುಟ್ಟಿದ್ದು ಯಾವಾಗ, ಮತ್ತೆ ಕಾದದ್ದು ಯಾವಾಗ, ಎರಡೂ ಸಿಗುತ್ತವೆ.

ಅರಸೀಕೆರೆ ಕಡೆಯ ಗ್ರಾನೈಟ್ ಸುಮಾರು 260 ಕೋಟಿ ವರ್ಷದ್ದು, ಗೊರೂರಿನ ಕಲ್ಲಿಗೆ ಹೋಲಿಸಿದರೆ ಹುಡುಗ. ಸುಮ್ನೆ ಕಣ್ಣಲ್ಲೇ ನೋಡಬೇಕಾದರೆ, ಯಾವುದಾದರೂ ಕ್ವಾರಿಯಲ್ಲಿ ಪಟ್ಟೆಗಳನ್ನು ಅಡ್ಡ ಸೀಳಿರುವ ಗ್ರಾನೈಟ್ ಎಳೆ ಹುಡುಕಿ. ಸೀಳಿದ್ದೇ ಕಿರಿಯದು.