ನೋವು ಕಡಿಮೆ ಇರುವ ದಿನವೇ ಹೆಚ್ಚು ಜೋಪಾನ

ಪ್ರಶ್ನೆ: ನನಗೆ 43 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ ಇದೆ ಎಂದು ಗೊತ್ತಾಗಿ ಮೂರು ವರ್ಷವಾಯಿತು. ಮಾತ್ರೆ ತಪ್ಪಿಸುವುದಿಲ್ಲ. ಮೊದಲಿಗಿಂತ ಎಷ್ಟೋ ವಾಸಿ. ಆದರೆ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ಕೈ ಹಗುರವಾಗಿರುವ ದಿನ ಬಾಕಿ ಬಿದ್ದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಿಬಿಡುತ್ತೇನೆ. ಆಮೇಲೆ ಎರಡು ಮೂರು ದಿನ ಬಾಟಲಿಯ ಮುಚ್ಚಳ ತೆಗೆಯಲೂ ಆಗುವುದಿಲ್ಲ. ಒಬ್ಬರು ವ್ಯಾಯಾಮ ಮಾಡಿ ಎನ್ನುತ್ತಾರೆ. ಇನ್ನೊಬ್ಬರು ಕೀಲು ಸವೆಯುತ್ತದೆ, ಸುಮ್ನೆ ಕೂತಿರಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ 'ಕೈ ಹಗುರವಾಗಿರುವ ದಿನ' ಎಂಬ ಮಾತನ್ನು ಎರಡು ಸಲ ಓದಿದೆ. ನೋವಿರುವ ದಿನ ಎಲ್ಲರೂ ಹುಷಾರಾಗಿರುತ್ತಾರೆ. ನೋವೇ ಎಚ್ಚರಿಸುತ್ತಿರುತ್ತದಲ್ವಾ? ಎಡವುವುದು ಚೆನ್ನಾಗಿರುವ ದಿನ. ನನ್ನ ಹತ್ತಿರ ಬರುವವರಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ.

ಮೊದಲು ಸವೆಯುವ ಮಾತು. ವಯಸ್ಸಾದಂತೆ ಮಂಡಿ ಸವೆಯುವುದು ಬೇರೆ ಕಾಯಿಲೆ. ನಿಮ್ಮದರಲ್ಲಿ, ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಪೊರೆ ಊದಿಕೊಂಡು ದಪ್ಪವಾಗುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮೃದು ಎಲುಬನ್ನೂ ಮೂಳೆಯನ್ನೂ ತಿನ್ನತೊಡಗುತ್ತದೆ. ಕೀಲನ್ನು ಹಿಡಿದಿಟ್ಟ ಪಟ್ಟಿಗಳು ಸಡಿಲವಾಗುತ್ತವೆ. ಅಂದರೆ ಇಲ್ಲಿ ಕೀಲನ್ನು ಕೆಡಿಸುವುದು ಉರಿಯೂತ. ನಡೆದಾಡಿದ್ದಕ್ಕೆ ಕೀಲು ಸವೆಯುತ್ತದೆ ಎಂಬ ಹೆದರಿಕೆ ಬೇಡ. ಕೂತೇ ಇದ್ದರೆ ಸ್ನಾಯು ಸೊರಗುತ್ತದೆ, ಮೂಳೆ ತೆಳುವಾಗುತ್ತದೆ, ಬಿಗಿತವೂ ಸುಸ್ತೂ ಜಾಸ್ತಿಯಾಗುತ್ತವೆ. ಹೃದಯದ ಮಾತೂ ಇದೆ. ಈ ಕಾಯಿಲೆ ಇದ್ದವರಿಗೆ ಹೃದ್ರೋಗದ ಅಪಾಯ ಉಳಿದವರಿಗಿಂತ ಹೆಚ್ಚು. ನಡಿಗೆ, ಈಜು, ಸೈಕಲ್ ಯಾವುದಾದರೂ ಸರಿ, ವಾರಕ್ಕೆ ಒಟ್ಟು 150 ನಿಮಿಷದ ಕಡೆಗೆ ನಿಧಾನವಾಗಿ ಹೋಗಿ. ಹತ್ತು ನಿಮಿಷದಿಂದ ಶುರು ಮಾಡಿದರೆ ಸಾಕು.

ಎಷ್ಟು ಮಾಡಿದರೆ ಅತಿ ಎಂದು ತಿಳಿಯಲು ಎರಡು ಗಂಟೆಯ ಲೆಕ್ಕವಿದೆ. ವ್ಯಾಯಾಮವಾದ ಮೇಲೆ ಸ್ವಲ್ಪ ನೋವು ಸಹಜ. ಅದು ಎರಡು ಗಂಟೆ ಕಳೆದರೂ ಇಳಿಯದಿದ್ದರೆ ಅಷ್ಟು ಮಾಡಿದ್ದು ಜಾಸ್ತಿಯಾಯಿತು ಎಂದರ್ಥ. ಮುಂದಿನ ಸಲ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಕೀಲು ಊದಿ ಬಿಸಿಯಾಗಿರುವ ದಿನ ಅದರ ಮೇಲೆ ಭಾರ ಹಾಕುವುದು ಬೇಡ. ಆದರೂ ಆ ಕೀಲನ್ನು ಮೆಲ್ಲಗೆ, ನೋವು ತಡೆದುಕೊಳ್ಳಲು ಆಗುವಷ್ಟು ಮಾತ್ರ, ದಿನಕ್ಕೆ ಒಂದೆರಡು ಸಲ ಮಡಚಿ ಬಿಡಿಸಿ. ಇಲ್ಲದಿದ್ದರೆ ಅದು ಹಾಗೇ ಬಿಗಿದುಕೊಳ್ಳುತ್ತದೆ.

ಈಗ ಕೆಲಸದ ವಿಷಯ. ಕೈ ಹಗುರವಾಗಿರುವ ದಿನ, ಮಾಡಬಹುದು ಎನಿಸಿದ್ದರಲ್ಲಿ ಅರ್ಧ ಮಾತ್ರ ಮಾಡಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲೇ ಕೂರಬೇಕು. ಕೈಗೆ ಭಾರದ ಕೆಲಸವಾದ ಮೇಲೆ ಕೈಗೆ ಬಿಡುವು ಕೊಡುವ ಕೆಲಸ ಹಿಡಿಯಿರಿ. ಹೇಳುವುದು ಸುಲಭ, ಗೊತ್ತು. ಜೀವಮಾನವೆಲ್ಲ ಹಿಡಿದ ಕೆಲಸ ಮುಗಿಸಿಯೇ ಎದ್ದವರಿಗೆ ನಡುವೆ ಬಿಟ್ಟು ಏಳುವುದು ನೋವಿಗಿಂತ ಕಷ್ಟ. ಅಲಾರಂ ಇಟ್ಟುಕೊಂಡು ಅಭ್ಯಾಸ ಮಾಡಿದವರನ್ನು ನೋಡಿದ್ದೇನೆ. ಒಂದೆರಡು ತಿಂಗಳಲ್ಲಿ ಅವರಿಗೆ ಹಾಸಿಗೆ ಹಿಡಿಯುವ ದಿನಗಳು ಕಡಿಮೆಯಾಗಿದ್ದವು.

ಬೆರಳಿನ ಸಣ್ಣ ಕೀಲು ಮಾಡುವ ಕೆಲಸವನ್ನು ದೊಡ್ಡ ಕೀಲಿಗೆ ದಾಟಿಸಿ. ಚೀಲವನ್ನು ಬೆರಳಲ್ಲಿ ತೂಗುಹಾಕಬೇಡಿ, ಭುಜಕ್ಕೋ ಮುಂಗೈಗೋ ಹಾಕಿಕೊಳ್ಳಿ. ಪಾತ್ರೆಯನ್ನು ಒಂದು ಕೈಯ ಬೆರಳಲ್ಲಿ ಎತ್ತುವ ಬದಲು ಎರಡೂ ಅಂಗೈ ಕೆಳಗೆ ಕೊಟ್ಟು ಎತ್ತಿ. ಎತ್ತುವುದಕ್ಕಿಂತ ಜಾರಿಸುವುದು ಇನ್ನೂ ಒಳ್ಳೆಯದು. ಬಾಗಿಲನ್ನು ಭುಜದಿಂದ ತಳ್ಳಿ. ಕುರ್ಚಿಯಿಂದ ಏಳುವಾಗ ಗೆಣ್ಣುಗಳ ಮೇಲೆ ಭಾರ ಬಿಡದೆ ಅಂಗೈ ಅಥವಾ ಮುಂಗೈ ಊರಿ. ಪೆನ್ನು, ಚಾಕು, ಹಲ್ಲುಜ್ಜುವ ಬ್ರಷ್ಷಿನ ಹಿಡಿಗೆ ಬಟ್ಟೆಯನ್ನೋ ಸ್ಪಂಜನ್ನೋ ಸುತ್ತಿ ದಪ್ಪ ಮಾಡಿ. ಹಿಡಿ ದಪ್ಪವಾದಷ್ಟೂ ಬಿಗಿಯಾಗಿ ಹಿಡಿಯುವ ಅಗತ್ಯ ಕಡಿಮೆ. ಇನ್ನೊಂದು ಮುಖ್ಯ ಮಾತು: ಈ ಕಾಯಿಲೆಯಲ್ಲಿ ಬೆರಳುಗಳು ಕಾಲಕ್ರಮೇಣ ಕಿರುಬೆರಳಿನ ಕಡೆಗೆ ವಾಲುವ ಸಾಧ್ಯತೆ ಇದೆ. ಅವುಗಳನ್ನು ಆ ಕಡೆಗೇ ತಳ್ಳುವ ಕೆಲಸ, ಬಟ್ಟೆಯನ್ನು ಗಟ್ಟಿಯಾಗಿ ತಿರುಚಿ ಹಿಂಡುವಂಥದ್ದು, ಆದಷ್ಟು ಬಿಡಿ. ಬಟ್ಟೆಯನ್ನು ಎರಡು ಅಂಗೈ ನಡುವೆ ಒತ್ತಿ ನೀರು ಇಳಿಸಿ. ಇವೆಲ್ಲ ನೋವಿನ ದಿನದ ಉಪಾಯಗಳಲ್ಲ. ಎಲ್ಲ ದಿನಕ್ಕೂ, ಅದರಲ್ಲೂ ನೋವಿಲ್ಲದ ದಿನಕ್ಕೆ.

ಬೆಳಗಿನ ಬಿಗಿತಕ್ಕೆ ಬಿಸಿ ಒಳ್ಳೆಯದು. ಬೆಚ್ಚಗಿನ ನೀರಿನಲ್ಲಿ ಕೈ ಮುಳುಗಿಸಿ ಮುಷ್ಟಿ ಹಿಡಿದು ಬಿಡಿ. ಉರಿಯೂತ ಹೆಚ್ಚಿಸುವ ವಸ್ತುಗಳು ರಕ್ತದಲ್ಲಿ ನಸುಕಿನ ಹೊತ್ತಿಗೆ ಏರುತ್ತವೆ. ಆ ಬಿಗಿತ ನಿಮ್ಮ ಸೋಮಾರಿತನವಲ್ಲ. ಸಾಧ್ಯವಿದ್ದರೆ ಬೆಳಗಿನ ಮೊದಲ ಗಂಟೆಗೆ ಗಟ್ಟಿ ಕೆಲಸ ಇಟ್ಟುಕೊಳ್ಳಬೇಡಿ. ಊದಿ ಬಿಸಿಯಾದ ಕೀಲಿಗೆ ಮಾತ್ರ ತಂಪು ಕೊಡಿ. ಐಸನ್ನು ಬಟ್ಟೆಯಲ್ಲಿ ಸುತ್ತಿ, 15 ನಿಮಿಷ ಸಾಕು.

ಪ್ರಶ್ನೆ: ನನಗೆ 30. ಇದೇ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಆರು ತಿಂಗಳಿಂದ ನೋವೇ ಇಲ್ಲ. ಮಗು ಬೇಕು ಅಂದುಕೊಂಡಿದ್ದೇವೆ. ಮಾತ್ರೆ ಬಿಟ್ಟುಬಿಡಲೇ?

ಉತ್ತರ: ನೋವಿಲ್ಲದಿರುವುದು ಮಾತ್ರೆ ಕೆಲಸ ಮಾಡುತ್ತಿರುವುದಕ್ಕೆ. ಕಾಯಿಲೆ ಹೋಯಿತು ಅಂದುಕೊಂಡು ನೀವಾಗಿಯೇ ಬಿಟ್ಟರೆ ಕೆಲವು ವಾರಗಳಲ್ಲಿ ಊತ ಮರಳಬಹುದು. ಮತ್ತೆ ಶುರು ಮಾಡಿದರೂ ಪೂರ್ತಿ ಹಿಡಿತಕ್ಕೆ ಬರಲು 6ರಿಂದ 12 ವಾರ ಬೇಕು. ಆ ನಡುವೆ ಆದ ಹಾನಿ ಸರಿಹೋಗುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ ತುಂಬಾ ಮುಖ್ಯ. ಮೆಥೊಟ್ರೆಕ್ಸೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಆದ್ದರಿಂದ ಮಗುವಿನ ಯೋಚನೆಯನ್ನು ಈಗಲೇ ನಿಮ್ಮ ವೈದ್ಯರಿಗೆ ಹೇಳಿ. ಗರ್ಭ ಧರಿಸುವ ಮೊದಲೇ ಅದನ್ನು ನಿಲ್ಲಿಸಿ, ಅವರು ಹೇಳಿದಷ್ಟು ಕಾಲ ಕಾಯಬೇಕು. ಅಲ್ಲಿಯವರೆಗೆ ಗರ್ಭನಿರೋಧಕ ತಪ್ಪಬಾರದು. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜಿನ್ ಗರ್ಭಿಣಿಯರೂ ತೆಗೆದುಕೊಳ್ಳಬಹುದಾದ ಔಷಧಗಳು. ಯಾವುದಕ್ಕೆ ಬದಲಿಸಬೇಕೆಂದು ವೈದ್ಯರೇ ನಿರ್ಧರಿಸಲಿ. ಈ ಕಾಯಿಲೆ ಇದ್ದೂ ಆರೋಗ್ಯವಂತ ಮಕ್ಕಳನ್ನು ಹೆತ್ತವರು ಬೇಕಾದಷ್ಟಿದ್ದಾರೆ. ಮುಂಚೆಯೇ ಹೇಳಿದರೆ ನಮಗೆ ದಾರಿ ಮಾಡಿಕೊಡುವುದು ಸುಲಭ.

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಎಲ್ಲರಿಗೂ ಒಂದು ಮಾತು. ಅದು ವಾರಕ್ಕೆ ಒಂದು ದಿನದ ಔಷಧ. ತಪ್ಪಿ ಪ್ರತಿದಿನ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಯಾವ ದಿನ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ, ಮನೆಯವರಿಗೂ ತಿಳಿಸಿ. ಅದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಸಿಡ್ ವಿಟಮಿನ್ ಮರೆಯಬೇಡಿ. ಆರಾಮಾಗಿದ್ದೀನಲ್ಲ ಎಂದು ರಕ್ತಪರೀಕ್ಷೆ ಮುಂದೂಡಬೇಡಿ. ಲಿವರ್ ಮತ್ತು ರಕ್ತಕಣಗಳ ತೊಂದರೆ ಮೊದಮೊದಲು ಮೈಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನೋವು ಜೋರಾದಾಗ ಹಳೆಯ ಚೀಟಿ ತೋರಿಸಿ ಸ್ಟಿರಾಯ್ಡ್ ಮಾತ್ರೆ ತಂದು ನುಂಗುತ್ತೇನೆ. ಮರುದಿನವೇ ಆರಾಮ. ಇದು ತಪ್ಪೇ? ಪಥ್ಯವೇನು? ಸಿಗರೇಟು ಸೇದುತ್ತೇನೆ.

ಉತ್ತರ: ಮರುದಿನವೇ ಆರಾಮ ಎನ್ನುವುದೇ ಅದರ ಸೆಳೆತ. 1948ರಲ್ಲಿ ಮೊದಲ ಸಲ ಈ ಕಾಯಿಲೆಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ ನಡೆಯಲಾಗದವರು ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ಆ ಸಂಶೋಧನೆಗೆ ನೊಬೆಲ್ ಬಂತು. ಬೆನ್ನಿಗೇ ಅದರ ಇನ್ನೊಂದು ಮುಖವೂ ಕಂಡಿತು: ಮೂಳೆ ತೆಳುವಾಗುವುದು, ಸಕ್ಕರೆ ಏರುವುದು, ಸೋಂಕು, ಕಣ್ಣಿನ ಪೊರೆ. ಇವತ್ತು ಅದನ್ನು ಕೊಡುವುದು ಆದಷ್ಟು ಕಡಿಮೆ ಪ್ರಮಾಣದಲ್ಲಿ, ಆದಷ್ಟು ಕಡಿಮೆ ದಿನ. ನೀವಾಗಿ ತಂದುಕೊಳ್ಳುವುದನ್ನು ನಿಲ್ಲಿಸಿ. ಆದರೆ ವಾರಗಟ್ಟಲೆ ತೆಗೆದುಕೊಂಡಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ವೈದ್ಯರು ಹೇಳಿದಂತೆ ಇಳಿಸುತ್ತಾ ಬನ್ನಿ. ಪದೇ ಪದೇ ಬೇಕೆನಿಸುತ್ತಿದೆ ಎಂದರೆ ನಿಮ್ಮ ಮೂಲ ಔಷಧ ಸಾಲುತ್ತಿಲ್ಲ. ಅದನ್ನು ವೈದ್ಯರಿಗೆ ಹೇಳಬೇಕು.

ಪಥ್ಯದಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ತರಕಾರಿ, ಹಣ್ಣು, ಕಾಳು ಇರುವ ಸಾಮಾನ್ಯ ಊಟ ಮಾಡಿ, ತೂಕ ಹಿಡಿತದಲ್ಲಿಡಿ. ಅಷ್ಟು ಸಾಕು. ಸಿಗರೇಟು ಮಾತ್ರ ಬಿಡಲೇಬೇಕು. ಅದು ಕಾಯಿಲೆಯನ್ನು ಜೋರು ಮಾಡುತ್ತದೆ, ಔಷಧದ ಫಲ ಕುಗ್ಗಿಸುತ್ತದೆ, ಹೃದಯಕ್ಕೂ ಪುಪ್ಪುಸಕ್ಕೂ ಏಟು ಕೊಡುತ್ತದೆ. ಹತ್ತು ಪಥ್ಯ ಮಾಡುವುದಕ್ಕಿಂತ ಇದೊಂದನ್ನು ಬಿಡುವುದು ಮೇಲು. ಒಬ್ಬರೇ ಬಿಡಲು ಆಗದಿದ್ದರೆ ಸಹಾಯ ಕೇಳಿ. ಅದಕ್ಕೂ ಚಿಕಿತ್ಸೆ ಇದೆ.

ಪ್ರಶ್ನೆ: ಅಮ್ಮನಿಗೆ ಹತ್ತು ವರ್ಷದಿಂದ ಈ ಕಾಯಿಲೆ. ಕೇಳಿದರೆ 'ಏನಿಲ್ಲ, ಚೆನ್ನಾಗಿದ್ದೀನಿ' ಎನ್ನುತ್ತಾರೆ. ಸಹಾಯಕ್ಕೆ ಹೋದರೆ ಸಿಟ್ಟು. ನಾನೇನು ಮಾಡಲಿ?

ಉತ್ತರ: ಕೈಯಿಂದ ಕೆಲಸ ಕಿತ್ತುಕೊಂಡರೆ ಯಾರಿಗಾದರೂ ಬೇಜಾರಾಗುತ್ತದೆ. ತಮ್ಮ ಕೈ ಯಾವುದಕ್ಕೂ ಬಾರದಾಯಿತೇ ಎಂಬ ಭಯ ಅವರಲ್ಲಿ ಮೊದಲೇ ಇರುತ್ತದೆ. ಎಲ್ಲವನ್ನೂ ನೀವೇ ಮಾಡಲು ಹೋಗಬೇಡಿ. 'ಇವತ್ತು ಯಾವುದು ನನಗೆ ಬಿಡುತ್ತೀರಿ?' ಎಂದು ಕೇಳಿ ನೋಡಿ. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೀನಿ ಎಂಬ ಉತ್ತರವೇ ಬರುತ್ತದೆ. ಅದರ ಬದಲು 'ಬೆಳಿಗ್ಗೆ ಕೈ ಸಡಿಲವಾಗಲು ಎಷ್ಟು ಹೊತ್ತು ಬೇಕಾಯಿತು?' ಎಂದು ಕೇಳಿ. ಅರ್ಧ ಗಂಟೆಯೋ ಎರಡು ಗಂಟೆಯೋ, ಬರೆದಿಟ್ಟುಕೊಳ್ಳಿ. ಮುಂದಿನ ಭೇಟಿಯಲ್ಲಿ ಅಮ್ಮನ ವೈದ್ಯರಿಗೆ ಆ ಪುಟ್ಟ ಪಟ್ಟಿ ತುಂಬಾ ಉಪಯೋಗಕ್ಕೆ ಬರುತ್ತದೆ. ನಿದ್ದೆ ಇಲ್ಲದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಂಡರೆ ಅದನ್ನೂ ಹೇಳಿ. ಈ ಕಾಯಿಲೆಯವರಲ್ಲಿ ಖಿನ್ನತೆ ಸಾಮಾನ್ಯ, ಚಿಕಿತ್ಸೆಯಿಂದ ಅದು ಸುಧಾರಿಸುತ್ತದೆ.

ಕೆಲವು ವಿಷಯಗಳಲ್ಲಿ ಮಾತ್ರ ಅವರ 'ಏನಿಲ್ಲ'ವನ್ನು ಒಪ್ಪಬೇಡಿ. ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ ಊದಿ, ಜೊತೆಗೆ ಜ್ವರ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಕಣ್ಣು ಕೆಂಪಾಗಿ ನೋಯುವುದು, ಹೊಸದಾಗಿ ಒಣಕೆಮ್ಮು ಮತ್ತು ಏದುಸಿರು, ಕುತ್ತಿಗೆ ನೋವಿನ ಜೊತೆ ಕೈಕಾಲು ಜೋಮು ಹಿಡಿಯುವುದು ಅಥವಾ ಬಲ ಕಳೆದುಕೊಳ್ಳುವುದು, ಇವೂ ಅಷ್ಟೇ ಅಪಾಯದ ಲಕ್ಷಣಗಳು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಅಮ್ಮ ಸಿಟ್ಟಾದರೂ ಸರಿ, ಆಗಲೇ ಕರೆದುಕೊಂಡು ಹೊರಡಿ.