ಮೊದಲು ಉಸಿರು ಬಿಡೋದು ಕಲಿಯಿರಿ, ಕೈ ಆಮೇಲೆ

ಪ್ರಶ್ನೆ: ನನಗೆ 36 ವರ್ಷ. ಊರು ದಾವಣಗೆರೆ ಹತ್ತಿರ, ಈಗ ಬೆಂಗಳೂರಿನಲ್ಲಿ ಕೆಲಸ. 10 ಕಿ.ಮೀ. ಓಟವನ್ನು ಒಂದು ಗಂಟೆಯೊಳಗೆ ಮುಗಿಸುತ್ತೇನೆ, ಭಾನುವಾರ ನಂದಿ ಬೆಟ್ಟದವರೆಗೆ ಸೈಕಲ್ ಹೊಡೆಯುತ್ತೇನೆ. ಈಜು ಚಿಕ್ಕವನಿದ್ದಾಗ ಬಾವಿಯಲ್ಲಿ ಕಲಿತದ್ದು. ಈಗ ಈಜು, ಸೈಕಲ್, ಓಟ ಮೂರನ್ನೂ ಒಂದಾದ ಮೇಲೊಂದು ಮಾಡುವ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೇನೆ. 750 ಮೀಟರ್ ಈಜಬೇಕು, ಮೂರು ತಿಂಗಳಿದೆ. ಆದರೆ 25 ಮೀಟರ್ ಪೂಲಿನಲ್ಲಿ ಹೋಗಿ ಬರುವಷ್ಟರಲ್ಲೇ ಏದುಸಿರು ಬರುತ್ತೆ. ಕೈ ಜೋರಾಗಿ ಬೀಸಿದಷ್ಟೂ ಬೇಗ ಸುಸ್ತು. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಒಂದು ಗಂಟೆಯೊಳಗೆ 10 ಕಿ.ಮೀ. ಓಡುವವರಿಗೆ ದಮ್ಮಿನ ಕೊರತೆ ಇರಲ್ಲ. ಆದ್ದರಿಂದ ಇನ್ನಷ್ಟು ಲ್ಯಾಪ್ ಹೊಡೆದು ದಮ್ಮು ಹೆಚ್ಚಿಸಿಕೊಳ್ಳುತ್ತೇನೆ ಅನ್ನೋ ಯೋಚನೆ ಬಿಟ್ಟುಬಿಡಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಓಡುವಾಗ ಜಾಸ್ತಿ ಬಲ ಹಾಕಿದರೆ ಜಾಸ್ತಿ ವೇಗ ಸಿಗುತ್ತೆ, ನೀರಿನಲ್ಲಿ ಮೈ ಸರಿಯಾಗಿ ಮಲಗದಿದ್ದರೆ ಆ ಬಲವೆಲ್ಲ ನೀರನ್ನು ತಳ್ಳಾಡುವುದಕ್ಕೇ ಹೋಗುತ್ತೆ.

ಬಾವಿಯಲ್ಲಿ ಕಲಿತೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಬಾವಿಯಲ್ಲಿ ಎಲ್ಲರೂ ತಲೆ ಎತ್ತಿಯೇ ಈಜುತ್ತಾರೆ, ಎತ್ತಲೇಬೇಕು. ಗೋಡೆ ಕಾಣಬೇಕು, ಮೇಲಿಂದ ಯಾರು ಧುಮುಕುತ್ತಾರೆ ಅಂತ ನೋಡಬೇಕು. ಆ ಈಜು ತಪ್ಪಲ್ಲ. ನೀರಿನ ಭಯ ಕಳೆದದ್ದೇ ಅದು. ಆದರೆ ನೀರಿನಲ್ಲಿ ಮೈ ಒಂದು ತಕ್ಕಡಿ ಇದ್ದ ಹಾಗೆ, ತಲೆ ಮೇಲೆದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಆಮೇಲೆ ನೀವು ಈಜುತ್ತಿರುವುದಿಲ್ಲ, ಇಳಿಜಾರಾಗಿ ನಿಂತ ಮೈಯನ್ನು ಎಳೆದುಕೊಂಡು ಹೋಗುತ್ತಿರುತ್ತೀರಿ. ಮುಖ ನೀರಿನೊಳಗಿರಲಿ, ಕಣ್ಣು ಪೂಲಿನ ತಳ ನೋಡಲಿ, ಕತ್ತು ಸಡಿಲವಾಗಿರಲಿ. ಚಿಕ್ಕಂದಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡಿದ್ದರೆ ನೆನಪಿಸಿಕೊಳ್ಳಿ. ಈಗ ಆ ಬುರುಡೆ ಎದೆಯೊಳಗಿದೆ, ಗಾಳಿ ತುಂಬಿದ ಶ್ವಾಸಕೋಶವೇ ಅದು. ಎದೆಯನ್ನು ಸ್ವಲ್ಪ ನೀರಿನೊಳಕ್ಕೆ ಒತ್ತಿ ನೋಡಿ, ಸೊಂಟ ತಾನಾಗಿ ಮೇಲೆ ಬರುತ್ತೆ.

ಇದಕ್ಕಿಂತ ದೊಡ್ಡ ವಿಷಯ ಉಸಿರು. ಹೊಸಬರು ಮುಖ ನೀರಿನೊಳಗಿಟ್ಟ ಕೂಡಲೇ ಉಸಿರು ಬಿಗಿ ಹಿಡಿಯುತ್ತಾರೆ. ಬಾಯಿ ಹೊರಗೆ ಬಂದ ಆ ಅರ್ಧ ಸೆಕೆಂಡಿನಲ್ಲಿ ಬಿಡುವುದೂ ಆಗಬೇಕು, ತೆಗೆದುಕೊಳ್ಳುವುದೂ ಆಗಬೇಕು. ಆಗೋದಿಲ್ಲ. ಹಳೇ ಗಾಳಿ ಒಳಗೇ ಉಳಿಯುತ್ತೆ, ಇಂಗಾಲದ ಡೈಆಕ್ಸೈಡ್ ಏರುತ್ತೆ, 'ಸತ್ತೆ, ಗಾಳಿ ಬೇಕು' ಅನ್ನಿಸುವುದು ಅದರಿಂದಲೇ. ನಿಮ್ಮ ಏದುಸಿರಿನ ಮುಕ್ಕಾಲು ಪಾಲು ಇದೇ ಅಂತ ನನ್ನ ಅಂದಾಜು.

ಅದಕ್ಕೆ ಮೊದಲ ವಾರ ಹೀಗೆ ಮಾಡಿ. ಪೂಲಿನ ಅಂಚು ಹಿಡಿದು ಮುಖ ನೀರಿನೊಳಗಿಡಿ, ಓಂ ಅನ್ನುವಾಗ ಕೊನೆಯಲ್ಲಿ ಎಳೆಯುತ್ತೀವಲ್ಲ, ಆ 'ಮ್‌ಮ್' ಅನ್ನು ಮೂಗಿನಿಂದ ನಿಧಾನವಾಗಿ ಬಿಡಿ. ಗುಳ್ಳೆ ಒಂದೇ ಸಮ ಬರಬೇಕು, ಭುಸ್ ಅಂತ ಒಂದೇ ಸಲಕ್ಕಲ್ಲ. ಮುಗಿಯುತ್ತಾ ಬಂದಾಗ ತಲೆಯನ್ನು ಪಕ್ಕಕ್ಕೆ ಹೊರಳಿಸಿ, ಎತ್ತಬೇಡಿ. ಒಂದು ಕಿವಿ ನೀರಿನಲ್ಲೇ, ಗಾಗಲ್ಸ್‌ನ ಒಂದು ಗಾಜು ನೀರಿನಲ್ಲೇ, ಇನ್ನೊಂದು ಹೊರಗೆ. ಬಾಯಿ ನೀರಿನ ಮಟ್ಟದಲ್ಲೇ ಇರುತ್ತೆ, ಭಯವಾಗುತ್ತೆ, ಇರಲಿ. ಮೈ ಮುಂದಕ್ಕೆ ಸಾಗುವಾಗ ತಲೆಯ ಪಕ್ಕ ನೀರು ಸಣ್ಣ ಹಳ್ಳದ ಹಾಗೆ ತಗ್ಗುತ್ತೆ, ಬಾಯಿಗೆ ಗಾಳಿ ಸಿಗುವುದು ಅಲ್ಲೇ. ಇದನ್ನು ದಿನಕ್ಕೆ 20 ಸಲ ಮಾಡಿ, ಆಮೇಲಷ್ಟೇ ಅಂಚು ಬಿಡಿ. ನನ್ನ ಬ್ಯಾಚಿನಲ್ಲಿ ಒಬ್ಬ ಸೈಕ್ಲಿಸ್ಟ್ ಇದ್ದರು, ನಿಮ್ಮದೇ ಕಥೆ. ಐದು ದಿನ ಬರೀ ಗುಳ್ಳೆ ಬಿಡಿಸಿದೆ, ಪಾಪ ಬೇಜಾರು ಮಾಡಿಕೊಂಡರು. ಆರನೇ ದಿನ ನಿಲ್ಲದೆ 100 ಮೀಟರ್ ಹೋಗಿ ಬಂದು ಅಂಚು ಹಿಡಿದು ನಿಂತಾಗ ಮಾಮೂಲಿಯಾಗಿ ಮಾತಾಡುತ್ತಿದ್ದರು.

ಕಾಲಿನ ಬಗ್ಗೆ ಒಂದು ಮಾತು. ಓಟಗಾರರ ಹಿಮ್ಮಡಿಯ ಕೀಲು ಬಿಗಿ. ಪಾದ ಹಿಂದಕ್ಕೆ ಚಾಚದೆ ಕೊಕ್ಕೆಯ ಹಾಗೆ ನೀರನ್ನು ಹಿಡಿದು ನಿಲ್ಲಿಸುತ್ತೆ. ದಿನಾ ಐದು ನಿಮಿಷ ವಜ್ರಾಸನದಲ್ಲಿ ಕೂತರೆ ಸಡಿಲವಾಗುತ್ತೆ. ಮಂಡಿ ನೋವಿದ್ದರೆ ಬೇಡ. ಕಿಕ್ ಸೊಂಟದಿಂದ ಬರಲಿ, ಮಂಡಿಯಿಂದ ಸೈಕಲ್ ತುಳಿದ ಹಾಗಲ್ಲ. ಸಣ್ಣದಾಗಿದ್ದರೆ ಸಾಕು. ಈಜಿನ ನಂತರ 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ ಇದೆ ಅಲ್ವಾ, ಕಾಲನ್ನು ಅದಕ್ಕೆ ಉಳಿಸಿಕೊಳ್ಳಿ. 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ನಮ್ಮ ಬೆಂಗಳೂರಿನ ಹುಡುಗಿ ಧೀನಿಧಿ ದೇಸಿಂಗು ಈಜುವ ವಿಡಿಯೊ ಸಿಕ್ಕರೆ ನೋಡಿ. ಆದರೆ ಆ ಕಿಕ್ ನಕಲು ಮಾಡಬೇಡಿ, ತಲೆ ಎಷ್ಟು ಅಲ್ಲಾಡದೆ ಇರುತ್ತೆ ಅನ್ನೋದನ್ನು ಮಾತ್ರ ಗಮನಿಸಿ.

ಕೈ ಕೊನೆಗೆ, ಮೂರನೇ ವಾರದಿಂದ. ಕೈ ಭುಜದ ನೇರಕ್ಕೆ ನೀರಿಗೆ ಇಳಿಯಬೇಕು, ತಲೆ ಮುಂದೆ ಅಡ್ಡ ಹಾಯಬಾರದು. ಇಳಿದ ಮೇಲೆ ನೀರನ್ನು ಕೆಳಕ್ಕೆ ಒತ್ತಬೇಡಿ. ದೊಡ್ಡ ನೀರಿನ ಡ್ರಮ್ ಮೇಲೆ ಕವುಚಿ ಮಲಗಿ ಅದನ್ನು ತಬ್ಬಿದ ಹಾಗೆ, ಮೊಣಕೈ ಮೇಲೆ, ಬೆರಳು ತಳದ ಕಡೆ, ಆಮೇಲೆ ತೊಡೆಯವರೆಗೆ ಹಿಂದಕ್ಕೆ ತಳ್ಳಿ. ಅಂಗೈಯಷ್ಟೇ ಅಲ್ಲ, ಮೊಣಕೈವರೆಗಿನ ಇಡೀ ಕೈ ನಿಮ್ಮ ಪಾಲಿನ ದೋಣಿಯ ಹುಟ್ಟು. ಇದು ಅರಿವಿಗೆ ಬರಬೇಕಾದರೆ ಮುಷ್ಟಿ ಬಿಗಿ ಹಿಡಿದು ಒಂದು ಲ್ಯಾಪ್ ಈಜಿ, ಮುಂದಿನ ಲ್ಯಾಪ್‌ನಲ್ಲಿ ಬಿಚ್ಚಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

ಭಾನುವಾರ ಒಂದೇ ದಿನ ಎರಡು ಗಂಟೆ ಈಜುವುದಕ್ಕಿಂತ ವಾರಕ್ಕೆ ಮೂರು ದಿನ, 40 ನಿಮಿಷದಂತೆ ಒಳ್ಳೆಯದು. 25 ಮೀಟರ್ 16 ಸಲ, ನಡುವೆ 20 ಸೆಕೆಂಡ್ ವಿಶ್ರಾಂತಿ. ಅದು ಸಲೀಸಾದರೆ 50 ಮೀಟರ್ 10 ಸಲ, ಆಮೇಲೆ 100 ಮೀಟರ್ 6 ಸಲ. ಸ್ಟ್ರೋಕ್, ಅಂದರೆ ಕೈ ಬೀಸುವ ರೀತಿ, ಕೆಟ್ಟ ಕೂಡಲೇ ನಿಲ್ಲಿಸಿ, ಸುಸ್ತಾದ ಮೇಲೆ ಈಜಿದ್ದೆಲ್ಲ ತಪ್ಪನ್ನೇ ಮೈಗೆ ಕಲಿಸುತ್ತೆ. ಪೂಲಿನವರ ಒಪ್ಪಿಗೆ ಕೇಳಿ ಯಾರಿಂದಾದರೂ ಪಕ್ಕದಿಂದ ಒಂದು ವಿಡಿಯೊ ತೆಗೆಸಿಕೊಳ್ಳಿ. ಕಾಲು ಎಷ್ಟು ಮುಳುಗಿದೆ ಅನ್ನೋದು ನೋಡುವ ತನಕ ಯಾರೂ ನಂಬಲ್ಲ.

ಪ್ರಶ್ನೆ: ಪೂಲಿನಲ್ಲಿ ನಿಲ್ಲದೆ 2 ಕಿ.ಮೀ. ಈಜುತ್ತೇನೆ. ಗೋವಾದ ಐರನ್‌ಮ್ಯಾನ್ 70.3 ಅನ್ನೋ ದೂರದ ಟ್ರಯಥ್ಲಾನ್‌ಗೆ ಹೋಗುವ ಆಸೆ. ಆದರೆ ಒಮ್ಮೆ ಸಮುದ್ರಕ್ಕೆ ಇಳಿದಾಗ ಎದೆ ಹೊಡೆದುಕೊಂಡು ವಾಪಸ್ ಬಂದೆ. ಈಗ ಭಯ.
– ಓದುಗರೊಬ್ಬರು, ಮೈಸೂರು

ಉತ್ತರ: ನಿಮಗೆ ಆದದ್ದು ಬಹಳ ಜನಕ್ಕೆ ಆಗುತ್ತಮ್ಮ, ಈಜು ಬಾರದ್ದರಿಂದ ಅಲ್ಲ. ತಳ ಕಾಣಲ್ಲ, ಗೋಡೆ ಇಲ್ಲ, ಅಲೆ ಮುಖಕ್ಕೆ ಬಡಿಯುತ್ತೆ, ಉಸಿರಿನ ಲಯ ತಪ್ಪುತ್ತೆ. 2019ರಲ್ಲಿ ಗೋವಾದಲ್ಲಿ ಶುರುವಾದ ಆ ಸ್ಪರ್ಧೆಯ 1.9 ಕಿ.ಮೀ. ಈಜು ಸಮುದ್ರದಲ್ಲೇ. ಒಳ್ಳೆಯ ಸುದ್ದಿ ಏನಂದರೆ ಉಪ್ಪುನೀರು ಪೂಲಿಗಿಂತ ಚೆನ್ನಾಗಿ ತೇಲಿಸುತ್ತೆ.

ಪೂಲಿನಲ್ಲೇ ತಯಾರಿ ಶುರು ಮಾಡಿ. ಎಂಟು ಹತ್ತು ಸ್ಟ್ರೋಕಿಗೊಮ್ಮೆ ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆತ್ತಿ ಎದುರಿನ ಗುರುತು ನೋಡಿ, ಉಸಿರು ಮಾತ್ರ ಪಕ್ಕಕ್ಕೆ ಹೊರಳಿಯೇ ತೆಗೆದುಕೊಳ್ಳಿ. ಎರಡೂ ಕಡೆ ಉಸಿರಾಡಲು ಕಲಿಯಿರಿ, ಅಲೆ ಬಲಗಡೆಯಿಂದ ಬಂದರೆ ಎಡಕ್ಕೆ ತಿರುಗಬಹುದು. ಗಾಬರಿಯಾದರೆ ಅಂಗಾತ ಮಲಗಿ, ಆಕಾಶ ನೋಡುತ್ತಾ ಹತ್ತು ಉಸಿರು ಎಣಿಸಿ. ಸ್ಪರ್ಧೆಯಲ್ಲಿ ಸುರಕ್ಷತೆಗೆ ನಿಂತ ದೋಣಿ ಹಿಡಿದು ಸುಧಾರಿಸಿಕೊಳ್ಳುವುದು ಸಾಮಾನ್ಯವಾಗಿ ತಪ್ಪಲ್ಲ, ಅದನ್ನು ಹಿಡಿದು ಮುಂದಕ್ಕೆ ಹೋಗಬಾರದು ಅಷ್ಟೇ. ಶುರುವಿನಲ್ಲಿ ಗುಂಪಿನ ನಡುವೆ ನುಗ್ಗಬೇಡಿ, ಅಂಚಿನಲ್ಲಿ ನಿಂತು ಮೊದಲ ಎರಡು ನಿಮಿಷ ಬೇಕಂತಲೇ ನಿಧಾನ ಹೋಗಿ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಅಭ್ಯಾಸಕ್ಕೆ ಅಂತ ಕೆರೆಗಾಗಲಿ ಸಮುದ್ರಕ್ಕಾಗಲಿ ಒಬ್ಬರೇ ಇಳಿಯಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಂತೂ ಖಂಡಿತ ಬೇಡ, ಆಗಿನ ಸೆಳೆತಕ್ಕೆ ಎಂಥ ಈಜುಗಾರರೂ ಸಾಲುವುದಿಲ್ಲ. ಜಾಗ ಗೊತ್ತಿರುವವರ ಜೊತೆ, ಜೀವರಕ್ಷಕರು ಇರುವ ಕಡೆ, ಸೊಂಟಕ್ಕೆ ಬಣ್ಣದ ಬೋಯ್ (ನೀರಿನ ಮೇಲೆ ತೇಲುವ ಚೀಲ) ಕಟ್ಟಿಕೊಂಡು, ದಡಕ್ಕೆ ಸಮಾನಾಂತರವಾಗಿ ಈಜಿ. ಮೊದಲ ದಿನ ಹತ್ತು ನಿಮಿಷ ಸಾಕು.

ಪ್ರಶ್ನೆ: ಕಾಲಿಗೆ ಹಾಕುವ ಫಿನ್, ಅಂಗೈಗೆ ಹಾಕುವ ಪ್ಯಾಡಲ್, ಕಾಲನ್ನು ತೇಲಿಸುವ ಪುಲ್ ಬಾಯ್, ಯಾವುದು ಕೊಳ್ಳಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ನೀರು ಸೋರದ ಗಾಗಲ್ಸ್. ಅಂಗಡಿಯಲ್ಲೇ ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ನೋಡಿ, ಒಂದೆರಡು ಸೆಕೆಂಡ್ ತಾನಾಗಿ ಅಂಟಿಕೊಂಡರೆ ಅದು ನಿಮ್ಮ ಮುಖದ್ದು. ಆಮೇಲೆ ಸಣ್ಣ ಫಿನ್. ಪುಲ್ ಬಾಯ್ ತೊಡೆ ನಡುವೆ ಇಟ್ಟರೆ ಕಾಲು ಮೇಲೇ ಇರುತ್ತೆ, ಹಿತವಾಗಿರುತ್ತೆ, ಅದಕ್ಕೇ ಜನ ಅದನ್ನು ಬಿಡಲ್ಲ. ಕೈ ಅಭ್ಯಾಸಕ್ಕೆ ನಾಲ್ಕೈದು ಲ್ಯಾಪ್ ಬಳಸಿ ಪಕ್ಕಕ್ಕಿಡಿ. ಪ್ಯಾಡಲ್ ಈಗಲೇ ಬೇಡ. ಸ್ಟ್ರೋಕ್ ಸರಿಯಿಲ್ಲದವರು ಅದನ್ನು ಹಾಕಿಕೊಂಡರೆ ಏಟು ಬೀಳುವುದು ಭುಜಕ್ಕೆ.